ಎಲುಬಿಲ್ಲದ್ದು

ಮೂವತ್ತೊಂದು ವರ್ಷ, ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ಕೆಲಸ ಕುಡಿಯುವುದಲ್ಲ, ಉಗುಳುವುದು.
ಚಮಚದ ಕಾಫಿ ಸುರ್ರೆಂದು ಎಳೆದು
ಅಂಗುಳಕ್ಕೆ ಚಿಮ್ಮಿಸಿ, ಕಣ್ಣು ಮುಚ್ಚಿ,
ಹಿತ್ತಾಳೆಯ ಪೀಕದಾನಿಗೆ ಉಗುಳಿ
ಪೆನ್ಸಿಲಿನಲ್ಲಿ ಒಂದು ಅಂಕಿ.
ಆ ಅಂಕಿ ನೋಡಿ ಲಾರಿ ಹೊರಡುತ್ತಿತ್ತು,
ಇಲ್ಲಾ ನಿಲ್ಲುತ್ತಿತ್ತು.

ರೊಬಸ್ಟಾ ಬಂದರೆ ಚಮಚ ಎತ್ತುವ ಮೊದಲೇ
ಬರೆದು ಮುಗಿದಿರುತ್ತಿತ್ತು:
ಗೋಣಿ ವಾಸನೆ, ಮರದ ಹೊಟ್ಟು, ಸುಟ್ಟ ಟಯರು.
'ಒಂದು ರಬ್ಬರ್ ಸ್ಟಾಂಪು ಮಾಡಿಸಿಬಿಡಿ ಸಾರ್'
ಎಂದು ಗುಮಾಸ್ತ ತಮ್ಮಯ್ಯ ನಗುತ್ತಿದ್ದ.
ಮಾಡಿಸಿದೆ.

ಕಳೆದ ಫೆಬ್ರವರಿ, ಹೊಸದಾಗಿ ಸೇರಿದ ರಂಸೀನಾ
ಎಂಟು ಬಟ್ಟಲು ಇಟ್ಟಳು, ಚೀಟಿ ಮಗುಚಿ.
ಐದನೆಯದರ ಬಳಿ ಚಮಚ ನಿಂತಿತು.
ಕಿತ್ತಳೆ ಸಿಪ್ಪೆ ಹಿಂಡಿದಾಗ ಬೆರಳಿಗಂಟುವ ಎಣ್ಣೆ,
ಅದರ ಹಿಂದೆ ಬೆಲ್ಲ, ಇನ್ನೂ ಎಷ್ಟೋ ಹಿಂದೆ
ಕಾಚಂಪುಳಿಯ ಒಂದೇ ಒಂದು ಹನಿ.
ಉಗುಳಲು ಮರೆತೆ.
ಎಂಬತ್ತೇಳು ಎಂದು ಬರೆದು ಎರಡು ಗೀಟು ಎಳೆದೆ:
ಇದಪ್ಪಾ ಅರೇಬಿಕಾ! ಗಾಳಿಬೀಡಿನ ಮೇಲಿನದಿರಬೇಕು.

ಅವಳು ಚೀಟಿ ತಿರುಗಿಸಿದಳು, ಮಾತಾಡಲಿಲ್ಲ.
ರೊಬಸ್ಟಾ. ತಿತಿಮತಿ ಹಾಡಿ, ಯರವರ ಕರ್ಪಿ,
ಮುಕ್ಕಾಲು ಎಕರೆ, ಎರಡು ಮೂಟೆ.

ಬಟ್ಟಲು ಅದಲುಬದಲಾಗಿದೆ ಅಂದೆ.
ನೀರು ಹೆಚ್ಚು ಕಾದಿತ್ತು ಅಂದೆ. ನನಗೆ ನೆಗಡಿ ಅಂದೆ.
ನಿನಗಿನ್ನೂ ಅನುಭವ ಸಾಲದಮ್ಮ ಅಂದೆ.
ಒಂದು ನಂಬಿಕೆಯ ಕಾವಲಿಗೆ ಎಷ್ಟು ಆಳು ಬೇಕು ನೋಡಿ;
ಕೂಗುವ ಮೊದಲೇ, ಸಂಬಳವಿಲ್ಲದೆ
ಓಡೋಡಿ ಬಂದವು ನೆಪಗಳು.

ಸಂಜೆ ಎಲ್ಲರೂ ಹೋದ ಮೇಲೆ
ನಾನೇ ಹುರಿದೆ, ನಾನೇ ಪುಡಿ ಮಾಡಿದೆ,
ತಳಕ್ಕೆ ಚೀಟಿ ಅಂಟಿಸಿ, ಕಣ್ಣು ಮುಚ್ಚಿ
ಬಟ್ಟಲುಗಳನ್ನು ಕವಡೆಯಂತೆ ಸರಿಸಾಡಿದೆ.
ಮೂರು ಸಲ.
ಮೂರು ಸಲವೂ ಅದೇ ಬಟ್ಟಲು.

ಕಪಾಟಿನಲ್ಲಿ ಕೆಂಪು ಬೈಂಡಿನ ಪುಸ್ತಕಗಳು,
ಹಾಳೆ ಹಾಳೆಯಲ್ಲೂ ನನ್ನ ಗುಂಡು ಅಕ್ಷರ.
ಮಾತು ತಪ್ಪಿದವನು ಮಂದ್‌ನಲ್ಲಿ ತಲೆಯೆತ್ತಿ
ನಿಲ್ಲಲಾರ ಎಂದು ಬೆಳೆಸಿದ್ದರು ನನ್ನನ್ನು.
'ನಾಲಿಗೆಗೆ ಎಲುಬಿಲ್ಲ ಮಗಾ, ನೀನೇ ಅದಕ್ಕೆ ಎಲುಬಾಗು'
ಎಂದಿದ್ದ ಅಪ್ಪ.
ಆಗಿದ್ದೆ. ಎಂಥ ಎಲುಬು!
ತೊಂಬತ್ತೇಳರಲ್ಲಿ ಬಾಳೆಲೆಯ ಕುಂಞಾಮು
ಹದಿನಾಲ್ಕು ಮೂಟೆ ಇಳಿಸಿ, ಬಾಗಿಲಲ್ಲಿ ನಿಂತು
'ಒಂದು ಗುಟುಕು ಕುಡಿದಾದರೂ ನೋಡಿ' ಎಂದಾಗ
ಕುಡಿಯದೆ ಐವತ್ತಾರು ಬರೆದ ಎಲುಬು.
ಪುಟ ಸಿಕ್ಕಿತು. ಅಂಕಿ ಮಾಸಿರಲಿಲ್ಲ.
ಅವನ ಕಾಫಿ ನಿಜಕ್ಕೂ ಕೆಟ್ಟದ್ದೇ ಇದ್ದೀತು.
ಇಲ್ಲದೆಯೂ ಇದ್ದೀತು.
ಅದನ್ನು ಹೇಳಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ,
ನಾನೇ ಕುಡಿಯಲಿಲ್ಲ.

ಇನ್ನೊಂದು ಮಾತು, ನಗಬೇಡಿ.
ನಮ್ಮ ಮನೆಯಲ್ಲಿ ಅರೇಬಿಕಾ ಮಾರುವುದಕ್ಕೆ,
ಕುಡಿಯುವುದಕ್ಕೆ ರೊಬಸ್ಟಾ.
ಅವ್ವ ಬೆಲ್ಲ ಹಾಕಿ ಕುದಿಸಿದ ಕರಿ ಕಾಫಿಯನ್ನು
'ಇನ್ನರ್ಧ ಲೋಟ' ಎಂದು ಕೇಳಿ ಕುಡಿದ ನಾಲಿಗೆ ಇದೇ.
ಕೆಲಸಕ್ಕೆ ಹೊರಡುವಾಗ ಅದನ್ನು
ಒಲೆಯ ಕಟ್ಟೆ ಮೇಲೆ ಬಿಟ್ಟು ಬರುತ್ತಿದ್ದೆನೇನೊ.

ವಾರ ಕಳೆದು ಇನ್ನೊಂದು ರೊಬಸ್ಟಾ ಬಂತು.
ಕಿತ್ತಳೆಗೆ ಕಾದೆ, ಬೆಲ್ಲಕ್ಕೆ ಕಾದೆ,
ತಪ್ಪೊಪ್ಪಿಕೊಂಡವನ ಉದಾರ ಚಮಚ ಹಿಡಿದು.
ಟಯರು. ಅಪ್ಪಟ ಸುಟ್ಟ ಟಯರು.
'ಹಾಗಾದರೆ ನೀವು ಮೊದಲು ಹೇಳ್ತಿದ್ದದ್ದೇ ಸರಿಯಾ ಸಾರ್?'
ಈ ಬಟ್ಟಲಿನ ಮಟ್ಟಿಗೆ, ಅಂದೆ.

ನಾಲಿಗೆಗೆ ಎಲುಬಿಲ್ಲ ಅಪ್ಪಾ.
ಇದ್ದಿದ್ದರೆ ಆ ಫೆಬ್ರವರಿಯಲ್ಲಿ ಮುರಿದುಹೋಗುತ್ತಿತ್ತು.

ಸ್ಟಾಂಪು ಎಲ್ಲಿಟ್ಟೆನೊ ನೆನಪಿಲ್ಲ, ಹುಡುಕಿಲ್ಲ.
ಪೆನ್ಸಿಲಿನ ಹಿಂದಿನ ರಬ್ಬರು ಮಾತ್ರ
ಈಚೆಗೆ ಬೇಗ ಸವೆಯುತ್ತಿದೆ.
ಚೀಟಿ ಮಗುಚೇ ಇರಲಿ ರಂಸೀನಾ,
ಯಾರ ತೋಟ ಅಂತ ಹೇಳಬೇಡ.
ಆರನೆಯ ಬಟ್ಟಲು ಆರುತ್ತಿದೆ,
ಕೊಡು ಚಮಚ.